ಅರ್ಧ ಬಳೆಯೊಳಗಿನ ನಕ್ಷತ್ರ

ನನ್ನ ಓರಗಿತ್ತಿ ಹನ್ನೊಂದು ವರ್ಷಗಳಿಂದ ಒಂದೇ ನಕ್ಷತ್ರವನ್ನು ನೋಡುತ್ತಿದ್ದಳು. ಮೋಡವಿಲ್ಲದ ದಿನ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಬೈನಾಕ್ಯುಲರನ್ನು ಕೊರಳಿಗೆ ಹಾಕಿಕೊಂಡು ತಾರಸಿ ಹತ್ತುವಳು. ಆ ನಕ್ಷತ್ರ ಸಂಜೆ ಕಾಣದ ತಿಂಗಳುಗಳಲ್ಲಿ ಬೆಳಗಿನ ಜಾವಕ್ಕೆ ಅಲಾರಂ ಇಟ್ಟುಕೊಂಡು ಏಳುವಳು. ಹತ್ತು ನಿಮಿಷಕ್ಕೆ ಕೆಳಗಿಳಿದು ಬಂದು ಗೋಡೆಯ ಮೊಳೆಗೆ ನೇತುಹಾಕಿದ ನೋಟುಬುಕ್ಕಿನಲ್ಲಿ ದಿನಾಂಕ, ಗಂಟೆ, ಹೊಳಪಿನ ಒಂದು ಅಂಕಿ ಬರೆಯುವಳು. ಅಷ್ಟೇ.

"ಏನಕ್ಕ ಇವತ್ತು?" ಎಂದು ನಾನು ಕೇಳುತ್ತಿದ್ದೆ.

"ಅದೇ. ಆರು."

ಹನ್ನೊಂದು ವರ್ಷದ ನೋಟುಬುಕ್ಕುಗಳ ತುಂಬ ಆರು, ಆರು, ಐದು ಪಾಯಿಂಟ್ ಒಂಬತ್ತು, ಆರು ಪಾಯಿಂಟ್ ಒಂದು, ಮತ್ತೆ ಆರು. ನಮ್ಮ ಅತ್ತೆಗೆ ಇದು ದೊಡ್ಡ ತಮಾಷೆ. "ಹೆಂಗಸರು ಮನೇಲಿ ಸಂಸಾರ ಮಾಡ್ತಾರೆ, ನಮ್ಮ ದೊಡ್ಡ ಸೊಸೆ ತಾರಸಿ ಮೇಲೆ ಮಾಡ್ತಾಳೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅಕ್ಕ ಅದಕ್ಕೂ ನಗುತ್ತಿದ್ದಳೇ ಹೊರತು ಒಂದು ರಾತ್ರಿಯನ್ನೂ ಬಿಡುತ್ತಿರಲಿಲ್ಲ.

ಅವಳ ಕೆಲಸ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ. ಬಣ್ಣದ ತೊಟ್ಟಿಗಳ ಹತ್ತಿರವಲ್ಲ. ಅದರ ಹಿಂದಿನ ಒಂದು ಸಣ್ಣ ಕೋಣೆಯಲ್ಲಿ. ಆ ಕೋಣೆಯ ಗೋಡೆ ಬೂದು, ಮೇಜು ಬೂದು, ಅವಳು ತೊಡುವ ಮೇಲಂಗಿಯೂ ಬೂದು. ಸುತ್ತ ಬೇರೆ ಬಣ್ಣವಿದ್ದರೆ ಕಣ್ಣು ಮೋಸಹೋಗುತ್ತದಂತೆ. ಮೇಜಿನ ಮೇಲೆ ಒಂದು ಪೆಟ್ಟಿಗೆ, ಅದರೊಳಗೆ ಮೂರು ಬಗೆಯ ದೀಪ. ಗಿರಾಕಿ ಕಳಿಸಿದ ಮಾದರಿ ತುಂಡನ್ನೂ ಕಾರ್ಖಾನೆಯ ಹೊಸ ತುಂಡನ್ನೂ ಪಕ್ಕಪಕ್ಕ ಇಟ್ಟು, ಮೂರೂ ದೀಪದಲ್ಲಿ ನೋಡಿ, "ಆಯ್ತು" ಅಥವಾ "ಇಲ್ಲ" ಎಂದು ಹೇಳುವುದು ಅವಳ ಉದ್ಯೋಗ. ನಮಗೆ ಎರಡೂ ಒಂದೇ ನೀಲಿ. ಅವಳು "ಇದರಲ್ಲಿ ಒಂದು ಚಿಟಿಕೆ ಕೆಂಪು ಜಾಸ್ತಿ" ಅನ್ನುವಳು. ಅವಳು "ಇಲ್ಲ" ಅಂದರೆ ಆ ಸರಕು ಇಡಿಯಾಗಿ ಮತ್ತೆ ತೊಟ್ಟಿಗೆ ಹೋಗಬೇಕು. ಹಾಗಾಗಿ ಅವಳನ್ನು ಪುಸಲಾಯಿಸಲು ನೋಡಿದವರು, ಗದರಿಸಲು ನೋಡಿದವರು ಬಹಳ ಮಂದಿ. ಯಾರಿಗೂ ಹೂಂ ಅಂದವಳಲ್ಲ.

ನಾನು ಕೋರ್ಟಿನಲ್ಲಿ ಶೀಘ್ರಲಿಪಿಗಾರ್ತಿ. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುವವಳು. ಹದಿನೇಳು ವರ್ಷ ಸಾಕ್ಷಿಗಳ ಮಾತು ಕೇಳಿ ನನಗೆ ಒಂದು ವಿಷಯ ಗೊತ್ತು: ಕಂಡದ್ದನ್ನು ಕಂಡಷ್ಟೇ ಹೇಳುವವರು ಸಾವಿರಕ್ಕೊಬ್ಬರು. ಉಳಿದವರು ಸ್ವಲ್ಪ ಸೇರಿಸುತ್ತಾರೆ, ಸ್ವಲ್ಪ ಬಿಡುತ್ತಾರೆ, ಕೇಳುವವರ ಮುಖ ನೋಡಿ ಅರ್ಧ ಬದಲಾಯಿಸುತ್ತಾರೆ. ಅದು ಸುಳ್ಳಲ್ಲ, ಮನುಷ್ಯ ಸ್ವಭಾವ. ಅಂಥ ಸಾವಿರಕ್ಕೊಬ್ಬಳು ನಮ್ಮ ಮನೆಯಲ್ಲೇ ಇದ್ದಾಳೆ ಅನ್ನುವುದು ನನಗೆ ತಿಳಿದದ್ದು ಆ ಬೆಟ್ಟದ ಮೇಲೆ.

ಅದಕ್ಕೂ ಮುಂಚೆ ಒಮ್ಮೆ ನಾನು ಅವಳ ಜೊತೆ ತಾರಸಿಗೆ ಹೋಗಿದ್ದೆ. ಸುತ್ತಲಿನ ಕಟ್ಟಡಗಳ ದೀಪದಿಂದ ಆಕಾಶ ಸಾರಿನ ಬಣ್ಣಕ್ಕೆ ತಿರುಗಿತ್ತು. ಬೆರಳಿಟ್ಟು ಎಣಿಸಬಹುದಾದಷ್ಟು ಚುಕ್ಕೆ. ಅವಳು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ, "ಅಲ್ಲಿ ನೋಡು, ಒಡೆದ ಬಳೆ ಥರ ಅರ್ಧ ಸುತ್ತು ಕಾಣ್ತಿದ್ಯಾ? ಅದರೊಳಗೆ ಬೈನಾಕ್ಯುಲರ್ ಹಿಡಿ. ಎರಡು ಸಣ್ಣ ಚುಕ್ಕಿ ಇರುತ್ತೆ. ಜಾಸ್ತಿ ಹೊಳೆಯೋದು ನಂದು" ಎಂದಳು.

"ಅದರಲ್ಲಿ ಏನಿದೆ ಅಂಥದ್ದು?"

"ಅದು ಒಂಥರಾ ನಕ್ಷತ್ರ. ವರ್ಷಗಟ್ಟಲೆ ಒಂದೇ ಸಮ ಉರೀತಾ ಇರುತ್ತೆ. ಆಮೇಲೆ ಒಂದು ದಿನ, ಯಾವ ಸೂಚನೆನೂ ಇಲ್ಲದೆ, ತಾನೇ ಮಸಿ ಕಾರಿಕೊಂಡು ಆ ಮಸಿ ಹಿಂದೆ ಬಚ್ಚಿಟ್ಕೊಂಡುಬಿಡುತ್ತೆ. ಯಾವಾಗ ಅಂತ ಯಾರಿಗೂ ಗೊತ್ತಿಲ್ಲ."

"ಹನ್ನೊಂದು ವರ್ಷದಲ್ಲಿ ಒಂದು ಸಲಾನೂ ಆಗಿಲ್ವಾ?"

"ಇಲ್ಲ."

"ಮತ್ತೆ ದಿನಾ ನೋಡಿ ಏನು ಬಂತು?"

"ಆಗಿಲ್ಲ ಅನ್ನೋದನ್ನೂ ಯಾರಾದ್ರೂ ನೋಡಿ ತಾನೇ ಹೇಳಬೇಕು" ಎಂದಳು ಅಕ್ಕ. ಆ ಅಂಕಿಗಳನ್ನು ಅವಳು ತಿಂಗಳಿಗೊಮ್ಮೆ ದೂರದೇಶದ ಒಂದು ಸಂಘಕ್ಕೆ ಕಳಿಸುತ್ತಿದ್ದಳು. ಜಗತ್ತಿನ ಹವ್ಯಾಸಿಗಳೆಲ್ಲ ತಮ್ಮ ತಮ್ಮ ನಕ್ಷತ್ರಗಳ ಲೆಕ್ಕವನ್ನು ಅಲ್ಲಿಗೆ ಕಳಿಸುತ್ತಾರಂತೆ. ಅವರಿಂದ ಅವಳಿಗೆ ಬರುತ್ತಿದ್ದದ್ದು ಒಂದೇ ಸಾಲಿನ ಉತ್ತರ: ತಲುಪಿದೆ, ವಂದನೆಗಳು.

ನಮ್ಮ ಊರಿನಲ್ಲಿಯೂ ಒಂದು ಖಗೋಳ ಸಂಘವಿತ್ತು. ಇಪ್ಪತ್ತು ಮಂದಿ ಸದಸ್ಯರು. ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರು; ಅವರ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲೇ ಭಾನುವಾರದ ಸಭೆ. ಕಾರ್ಯದರ್ಶಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಬ್ಯಾಟರಿ ಎಂದು. ಲಿಫ್ಟ್ ರಿಪೇರಿ ಮಾಡುವ ನಲವತ್ತರ ಮನುಷ್ಯ. ಎಲ್ಲಿಗೆ ಹೋದರೂ ದೂರದರ್ಶಕ, ಕ್ಯಾಮೆರಾ, ಅವನ್ನು ತಿರುಗಿಸುವ ಮೋಟಾರು, ಅವಕ್ಕೆಲ್ಲ ಜೀವ ಕೊಡಲು ಎರಡು ಭಾರೀ ಬ್ಯಾಟರಿ ಹೊತ್ತುಕೊಂಡೇ ಬರುತ್ತಿದ್ದ. ಆ ಬೇಸಿಗೆಯಲ್ಲಿ ಸಂಘದವರೆಲ್ಲ ಸೇರಿ, ಅಮಾವಾಸ್ಯೆಯ ಆಸುಪಾಸಿನ ಮೂರು ದಿನ, ಹನ್ನೆರಡು ಗಂಟೆ ಪ್ರಯಾಣದ ಒಂದು ಬೆಟ್ಟಕ್ಕೆ ಹೋಗುವುದೆಂದು ಗೊತ್ತುಮಾಡಿದರು. ಸುತ್ತ ಎಂಬತ್ತು ಕಿಲೋಮೀಟರಿನಲ್ಲಿ ಒಂದು ಬೀದಿದೀಪವಿಲ್ಲದ ಜಾಗ.

ಅಕ್ಕನ ಜೊತೆ ಹೋಗಬೇಕಾಗಿದ್ದವರು ಭಾವ. ಹೊರಡುವ ಹಿಂದಿನ ದಿನ ಅವರು ಬೀರು ಸರಿಸಲು ಹೋಗಿ ಸೊಂಟ ಹಿಡಿದುಕೊಂಡು ಮಲಗಿದರು. ಬಸ್ಸಿನಲ್ಲಿ ಒಂದು ಸೀಟು ಖಾಲಿ. ಅತ್ತೆ ನನ್ನ ಕಡೆ ತಿರುಗಿದರು.

"ನೀನು ಹೋಗು. ಇವಳು ಮೇಲೆ ನೋಡಿಕೊಂಡು ಪ್ರಪಾತಕ್ಕೆ ಕಾಲಿಟ್ರೆ ಸೆರಗು ಹಿಡಿದು ಎಳೆಯೋಕೆ ಮನೆಯವರು ಒಬ್ರು ಬೇಕು."

ಕೋರ್ಟಿಗೆ ರಜೆ ಇತ್ತು. ಹೀಗೆ, ಧ್ರುವ ನಕ್ಷತ್ರ ಯಾವ ದಿಕ್ಕಿಗೆ ಅನ್ನುವುದೂ ಸರಿಯಾಗಿ ಗೊತ್ತಿಲ್ಲದ ನಾನು ಖಗೋಳ ಸಂಘದ ಪ್ರವಾಸಕ್ಕೆ ಹೊರಟೆ.

ಬೆಟ್ಟದ ಮೇಲೆ ನಮಗೆ ಸಿಕ್ಕ ವಸತಿ ಹಿಂದೊಮ್ಮೆ ಹವಾಮಾನ ಕೇಂದ್ರವಾಗಿದ್ದ ಕಲ್ಲಿನ ಕಟ್ಟಡ. ಎರಡು ಉದ್ದ ಕೋಣೆ, ಒಂದರ ಮೇಲೊಂದರಂತೆ ಕಬ್ಬಿಣದ ಮಂಚಗಳು, ನಡುವೆ ಒಂದು ಒಲೆ. ಗೋಡೆಯ ಮೇಲೆ ಇನ್ನೂ ಗಾಳಿಯ ವೇಗ ಬರೆದ ಹಳೆಯ ಪಟ್ಟಿಗಳು ಅಂಟಿಕೊಂಡಿದ್ದವು. ಹೊರಗೆ ಹುಲ್ಲಿನ ಸಮತಟ್ಟು. ಅದರ ಅಂಚಿನಿಂದ ಆಚೆ ಏನೂ ಇಲ್ಲ, ಬರೀ ಗಾಳಿ. ಡಾಕ್ಟರು ಬಸ್ಸಿಳಿಯುತ್ತಲೇ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿಸಿದರು, ಎಲ್ಲರ ಟಾರ್ಚಿನ ಮೂತಿಗೂ ಕೆಂಪು ಹಾಳೆ ಸುತ್ತಿಸಿದರು.

"ಕತ್ತಲಾದ ಮೇಲೆ ಯಾರೂ ಬಿಳಿ ಬೆಳಕು ಹಾಕಬಾರದು" ಎಂದರು ಅವರು. "ಕಣ್ಣು ಕತ್ತಲೆಗೆ ಒಗ್ಗೋಕೆ ಅರ್ಧ ಗಂಟೆ ಬೇಕು, ಕೆಡೋಕೆ ಅರ್ಧ ಸೆಕೆಂಡ್ ಸಾಕು. ಡ್ರೈವರ್ ಸಾಹೇಬರೇ, ನಿಮಗೂ ಇದೇ ಮಾತು. ಹೆಡ್‌ಲೈಟು ಬೇಡ."

"ನಾನು ಮಲಗೋಕೆ ಬಂದಿರೋದು ಸಾರ್" ಎಂದ ಡ್ರೈವರು. "ಫೋನ್ ಮಾಡೋರಿದ್ರೆ ಈಗಲೇ ಹೇಳಿಬಿಡ್ತೀನಿ, ಇಲ್ಲಿ ಸಿಗ್ನಲ್ ಇಲ್ಲ. ಕೆಳಗೆ ಐದನೇ ತಿರುವಲ್ಲಿ, ನೀರಿನ ಟ್ಯಾಂಕ್ ಹತ್ರ ಸಿಗುತ್ತೆ."

ಮೊದಲ ರಾತ್ರಿ ಮಂಜು. ಒಂದು ಚುಕ್ಕಿಯೂ ಕಾಣಲಿಲ್ಲ. ಒಲೆಯ ಸುತ್ತ ಕೂತು ಸೂಪು ಕುಡಿಯುತ್ತ ಎಲ್ಲರೂ ಮಾತಿಗೆ ಬಿದ್ದರು. ಬ್ಯಾಟರಿ ತನ್ನ ಹೊಸ ಕ್ಯಾಮೆರಾ ಬಗ್ಗೆ ಹೇಳಿದ. ನಕ್ಷತ್ರದ ಹೊಳಪನ್ನು ಸಾವಿರದಲ್ಲೊಂದು ಪಾಲಿನವರೆಗೆ ಅಳೆಯುತ್ತದಂತೆ. ಆಮೇಲೆ ಅಕ್ಕನ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಿ. ಈ ಕಾಲದಲ್ಲಿ ಕಣ್ಣಲ್ಲಿ ಅಂದಾಜು ಮಾಡೋದು ಅಂದ್ರೆ, ತಕ್ಕಡಿ ಇರುವಾಗ ಅಂಗೈಲಿ ತೂಗಿದ ಹಾಗೆ" ಎಂದ.

ನನಗೆ ಚುರುಕ್ಕೆಂದಿತು. ಅಕ್ಕನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

"ನಿಜ" ಎಂದಳು. "ನನ್ನ ಕಣ್ಣಿಗೆ ಹತ್ತನೇ ಒಂದು ಪಾಲಿಗಿಂತ ಸೂಕ್ಷ್ಮ ಗೊತ್ತಾಗಲ್ಲ. ಆದ್ರೆ ಎಷ್ಟು ತಪ್ತೀನಿ ಅನ್ನೋದು ಗೊತ್ತು. ಕೆಂಪು ಚುಕ್ಕೀನ ದಿಟ್ಟಿಸಿ ನೋಡ್ತಾ ಕೂತ್ರೆ ಅದು ಇರೋದಕ್ಕಿಂತ ಜಾಸ್ತಿ ಹೊಳೆಯುತ್ತೆ. ಬಟ್ಟೇಲೂ ಅಷ್ಟೇ. ಅದಕ್ಕೆ ಒಂದ್ಸಲ ನೋಡಿ ಕಣ್ಣು ತೆಗೀಬೇಕು."

ಬ್ಯಾಟರಿ ಅದಕ್ಕೆ ಏನೋ ಕೇಳಿದ, ಅವಳು ಏನೋ ಹೇಳಿದಳು. ಇಬ್ಬರೂ ಒಂದು ಗಂಟೆ ಕಣ್ಣಿನ ಒಳಗಿನ ವ್ಯವಹಾರದ ಬಗ್ಗೆ ಮಾತಾಡಿದರು. ನಾನು ಮೇಲಿನ ಮಂಚ ಹತ್ತಿ ಮಲಗಿದೆ.

ಮರುದಿನ ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿತು. ಮಂಜು ಹರಿದು ಕಣಿವೆಯೊಳಗೆ ಇಳಿಯಿತು. ಸೂರ್ಯ ಮುಳುಗುವಾಗ ಮೇಲೆ ಒಂದು ಎಳೆ ಮೋಡವಿರಲಿಲ್ಲ. ಎಲ್ಲರೂ ಇದ್ದಬದ್ದ ಸ್ವೆಟರು ಹಾಕಿಕೊಂಡು ಹುಲ್ಲಿಗೆ ಬಂದರು. ದೂರದರ್ಶಕಗಳು ಒಂದೊಂದಾಗಿ ನಿಂತವು. ಮಾತು ಕಡಿಮೆಯಾಗುತ್ತ ಬಂತು.

ಆಮೇಲಿನದನ್ನು ಹೇಗೆ ಹೇಳಲಿ. ನಾನು ನಲವತ್ತೆರಡು ವರ್ಷದವಳು. ಆಕಾಶ ಅಂದರೆ ಏನೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಕತ್ತಲು ಇಳಿದಂತೆ ಚುಕ್ಕೆಗಳು ಬಂದವು, ಬರುತ್ತಲೇ ಇದ್ದವು, ಇನ್ನು ಸಾಕು ಅನ್ನಿಸಿದ ಮೇಲೂ ಬಂದವು. ಎರಡು ಚುಕ್ಕೆಗಳ ನಡುವೆ ನೋಡಿದರೆ ಅಲ್ಲಿ ಹತ್ತು, ಆ ಹತ್ತರ ನಡುವೆ ಪುಡಿ. ಅವು ಮೇಲಷ್ಟೇ ಇರಲಿಲ್ಲ. ಸಮತಟ್ಟಿನ ಅಂಚಿನಾಚೆ, ನಮ್ಮ ಪಾದದ ಮಟ್ಟಕ್ಕೂ ಇದ್ದವು. ಪೂರ್ವದಿಂದ ಬೆಳ್ಳಗಿನದೇನೋ ಏಳುತ್ತಿತ್ತು. ಮೋಡ ಬಂತಲ್ಲ ಎಂದು ನಾನು ಬೇಸರದಿಂದ ಹೇಳಿದೆ. ಪಕ್ಕದಲ್ಲಿದ್ದ ಡಾಕ್ಟರು ಮೆಲ್ಲಗೆ, "ಅದು ಮೋಡ ಅಲ್ಲಮ್ಮ, ಆಕಾಶಗಂಗೆ" ಎಂದರು. ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. ವರ್ಷಗಟ್ಟಲೆ ಸಂಘ ನಡೆಸಿದ ಮನುಷ್ಯ. ನಾನು ಅತ್ತ ತಿರುಗಲಿಲ್ಲ. ಕತ್ತಲಲ್ಲಿ ಅವರಿಗೆ ಅಷ್ಟು ಸ್ವಾತಂತ್ರ್ಯ ಇರಲಿ ಅನ್ನಿಸಿತು.

ಎಷ್ಟೋ ಹೊತ್ತಿನ ಮೇಲೆ ಅಕ್ಕನ ನೆನಪಾಯಿತು. ಅವಳು ಎಲ್ಲರಿಂದ ಸ್ವಲ್ಪ ದೂರ, ಮಡಚುವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದಳು. ಬೈನಾಕ್ಯುಲರ್ ಮಡಿಲಲ್ಲಿತ್ತು.

"ಆರಾ ಅಕ್ಕ?" ಎಂದೆ ತಮಾಷೆಗೆ.

"ಸಿಗ್ತಾ ಇಲ್ಲ ಕಣೇ" ಎಂದಳು. "ದಾರಿ ತಪ್ಪಿಹೋಗಿದೀನಿ."

ಹನ್ನೊಂದು ವರ್ಷ ಕಣ್ಣು ಮುಚ್ಚಿ ಹೋಗುತ್ತಿದ್ದ ದಾರಿ. ಆದರೆ ಅವಳು ದಾರಿ ಗುರುತಿಟ್ಟುಕೊಂಡಿದ್ದು ನಮ್ಮ ಊರಿನ ಬಡ ಆಕಾಶದಲ್ಲಿ. ಅಲ್ಲಿ ಕಾಣುತ್ತಿದ್ದದ್ದು ದೊಡ್ಡ ಚುಕ್ಕೆಗಳಷ್ಟೇ. ಇಲ್ಲಿ ಅವುಗಳ ಸುತ್ತ ಸಾವಿರ ನೆಂಟರು ಬಂದು ಕೂತಿದ್ದರು. ಅರ್ಧ ಬಳೆ ಆ ಸಂತೆಯಲ್ಲಿ ಕಳೆದುಹೋಗಿತ್ತು. ಅಧ್ಯಕ್ಷರನ್ನು ಕೇಳೋಣವೇ ಎಂದೆ. ಬೇಡ ಎಂದಳು. ನಿಧಾನವಾಗಿ, ದೊಡ್ಡ ಚುಕ್ಕಿಯೊಂದನ್ನು ಹಿಡಿದು, ಅಲ್ಲಿಂದ ಇನ್ನೊಂದಕ್ಕೆ, ಮೊದಲ ದಿನ ಕಲಿಯುವವಳ ಹಾಗೆ ಬೆರಳು ತೋರಿಸಿಕೊಂಡು ಹೋದಳು. ಕಾಲು ಗಂಟೆಯಾದ ಮೇಲೆ "ಹಾಂ" ಎಂದಳು. ಬೈನಾಕ್ಯುಲರ್ ಏರಿಸಿದಳು.

ಬೈನಾಕ್ಯುಲರ್ ಇಳಿಸಿದಳು, ಕಣ್ಣು ಮುಚ್ಚಿಕೊಂಡು ಕೂತಳು, ಮತ್ತೆ ಏರಿಸಿದಳು. ಹೀಗೆ ಐದಾರು ಸಲ. ಕೆಂಪು ಟಾರ್ಚಿನಲ್ಲಿ ನಕ್ಷೆ ನೋಡಿದಳು. ನೋಟುಬುಕ್ಕಿನಲ್ಲಿ ಏನೋ ಬರೆದು, ಪುಟ ಮಡಚಿ ಜೇಬಿಗಿಟ್ಟಳು.

"ಏನಾಯ್ತಕ್ಕ?"

"ಹೇಳಲ್ಲ. ನೀನು ನೋಡು. ಅರ್ಧ ಬಳೆ ಒಳಗೆ ಹಿಡಿ. ನಾನು ಹೇಳೋ ಜಾಗದಲ್ಲಿ ಎರಡು ಚುಕ್ಕಿ ಇದೆ. ಎಡಗಡೆದು, ಬಲಗಡೆದು. ಯಾವುದು ಜಾಸ್ತಿ ಹೊಳೀತಿದೆ?"

ನನ್ನ ಕೈ ನಡುಗುತ್ತಿತ್ತು, ಚುಕ್ಕೆಗಳೂ ನಡುಗಿದವು. ಅವಳು ನನ್ನ ಮೊಣಕೈಗಳ ಕೆಳಗೆ ತನ್ನ ಮಂಡಿ ಕೊಟ್ಟಳು. ಆಗ ನಿಂತವು. ನೋಡಿದೆ.

"ಎರಡೂ ಒಂದೇ ಥರ ಇದೆ."

"ಸರಿಯಾಗಿ ನೋಡು. ನಾನು ಹೇಳಿದ್ದಕ್ಕೆ ಹೇಳಬೇಡ."

"ನೀನು ಏನೂ ಹೇಳಿಲ್ವಲ್ಲ. ಎರಡೂ ಒಂದೇ. ಬಲಗಡೆದು ಕೂದಲೆಳೆಯಷ್ಟು ಜಾಸ್ತಿ ಇರಬಹುದು."

"ಬರಿ."

ನಾನು ಬರೆದೆ. ಅವಳು ಅದನ್ನು ನೋಡಲಿಲ್ಲ. ಮಡಚಿಸಿ ಇನ್ನೊಂದು ಜೇಬಿಗೆ ಹಾಕಿಕೊಂಡಳು. ಕಾರ್ಖಾನೆಯಲ್ಲಿ ಬಣ್ಣದ ತಕರಾರು ಬಂದಾಗ ಮೂರು ಜನ ಬೇರೆಬೇರೆ ನೋಡಿ ಬೇರೆಬೇರೆ ಚೀಟಿ ಬರೆಯುತ್ತಾರಂತೆ. ಮೊದಲು ಬಾಯಿಬಿಟ್ಟವರ ಮಾತಿಗೆ ಉಳಿದವರ ಕಣ್ಣು ಒಲಿಯುತ್ತದೆ, ಅದಕ್ಕೆ. ಡಾಕ್ಟರನ್ನು ಕರೆದಳು. ಅವರಿಗೂ ಅದೇ ಪ್ರಶ್ನೆ, ಅದೇ ಚೀಟಿ. ಅವರು ಏನು ವಿಷಯ ಎಂದು ಎಷ್ಟು ಕೇಳಿದರೂ ಅಕ್ಕ ಬಾಯಿಬಿಡಲಿಲ್ಲ.

ಮೂರೂ ಚೀಟಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಿಚ್ಚಿದಳು. ನನ್ನದು: ಎರಡೂ ಒಂದೇ, ಬಲದ್ದು ತುಸು ಹೆಚ್ಚು. ಡಾಕ್ಟರದ್ದು: ಬಲದ್ದು ಸ್ವಲ್ಪ ಹೆಚ್ಚು. ಅವಳದ್ದು: ಏಳು ಪಾಯಿಂಟ್ ನಾಲ್ಕು.

ಹೊಳಪಿನ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು ಎಂದು ನನಗೂ ಅಷ್ಟರಲ್ಲಿ ಗೊತ್ತಿತ್ತು. ಎಡಗಡೆಯದು ಅವಳ ನಕ್ಷತ್ರ. ಎರಡರಲ್ಲಿ ಯಾವಾಗಲೂ ಜಾಸ್ತಿ ಹೊಳೆಯುತ್ತಿದ್ದದ್ದು.

"ಹತ್ತು ದಿನದ ಹಿಂದೆ ಆರು ಇತ್ತು" ಎಂದಳು ಅಕ್ಕ. "ಆಮೇಲೆ ಊರಲ್ಲಿ ಮೋಡ. ನೋಡಿರಲಿಲ್ಲ."

ಡಾಕ್ಟರು ನೆಲದ ಮೇಲೆ ಕೂತೇಬಿಟ್ಟರು. "ಶುರುವಾಗಿದೆ" ಎಂದರು. "ನಿಮ್ಮ ನಕ್ಷತ್ರ ಇಳೀತಿದೆ."

"ಇರಬಹುದು. ನಾನು ದಾರಿ ತಪ್ಪಿದ್ದೆ ಸಾರ್ ಇವತ್ತು. ಹೊಸ ಆಕಾಶ, ಹೊಸ ಕಣ್ಣು. ಅವರನ್ನೂ ಒಂದು ಮಾತು ಕೇಳೋಣ" ಎಂದು ಬ್ಯಾಟರಿಯ ಕಡೆ ನಡೆದಳು.

ಬ್ಯಾಟರಿ ಆಗ ತನ್ನ ಕ್ಯಾಮೆರಾವನ್ನು ದೂರದ ಒಂದು ಗೆಲಾಕ್ಸಿಯ ಮೇಲೆ ನಿಲ್ಲಿಸಿದ್ದ. ನಾಲ್ಕು ಗಂಟೆಯ ಚಿತ್ರ. ಅದರಲ್ಲಿ ಎರಡು ಗಂಟೆ ಕಳೆದಿತ್ತು. ಅದಕ್ಕೋಸ್ಕರವೇ ಅವನು ಒಂದು ವರ್ಷದಿಂದ ಈ ಪ್ರವಾಸಕ್ಕೆ ಕಾದಿದ್ದು. ಬಸ್ಸಿನಲ್ಲಿ ಹನ್ನೆರಡು ಗಂಟೆಯೂ ಅದೇ ಮಾತಾಡಿದ್ದ. ಮಧ್ಯದಲ್ಲಿ ಅಲುಗಿಸಿದರೆ ಎಲ್ಲ ಹಾಳು. ಅಕ್ಕ ಅದನ್ನು ಕಂಡು, "ಮುಗಿದ ಮೇಲೆ ಒಂದು ಹತ್ತು ನಿಮಿಷ ನನಗೆ ಕೊಡ್ತೀರಾ?" ಎಂದಷ್ಟೇ ಕೇಳಿದಳು.

"ಯಾವುದಕ್ಕೆ?"

"ನನ್ನ ನಕ್ಷತ್ರ ಅಳೆಯೋಕೆ. ಎಷ್ಟು ಕಂಡಿತು ಅಂತ ನಾನು ಈಗ ಹೇಳಲ್ಲ."

ಬ್ಯಾಟರಿ ಅವಳನ್ನು ನೋಡಿದ. ಕತ್ತಲಲ್ಲಿ ಅವನಿಗೆ ಏನು ಕಂಡಿತೋ. ಬಗ್ಗಿ ಮೋಟಾರಿನ ಗುಂಡಿ ಒತ್ತಿದ. ದೂರದರ್ಶಕ ಗೊರಗೊರ ಎಂದು ತಿರುಗತೊಡಗಿತು.

"ಅಯ್ಯೋ, ನಿಮ್ಮ ಚಿತ್ರ" ಎಂದೆ ನಾನು.

"ಅದು ಕೋಟಿಗಟ್ಟಲೆ ವರ್ಷದಿಂದ ಅಲ್ಲೇ ಇದೆ. ಮುಂದಿನ ವರ್ಷಾನೂ ಇರುತ್ತೆ" ಎಂದ.

ಅವನ ಲ್ಯಾಪ್‌ಟಾಪಿನ ಪರದೆಗೂ ಕೆಂಪು ಹಾಳೆ ಅಂಟಿಸಿತ್ತು. ಅವನು ಲೆಕ್ಕ ಮುಗಿಸಿ ಓದಿದ: "ಏಳು ಪಾಯಿಂಟ್ ನಾಲ್ಕು ಏಳು." ಆಮೇಲೆ ಅಕ್ಕನ ಚೀಟಿ ಕೇಳಿ ನೋಡಿದ. ಪರದೆಯ ಪಕ್ಕಕ್ಕೆ ಹಿಡಿದು ಎರಡೂ ಅಂಕಿಯನ್ನು ಇನ್ನೊಮ್ಮೆ ಓದಿದ.

"ಹೊರದೇಶದ ಸಂಘಕ್ಕೆ ಕಳಿಸುವಾಗ ನನ್ನ ಅಂಕಿ ಬರೀರಿ, ಸೂಕ್ಷ್ಮವಾಗಿದೆ" ಎಂದ.

"ನಿಮ್ಮದನ್ನ ನಿಮ್ಮ ಹೆಸರಲ್ಲಿ ಕಳಿಸ್ತೀನಿ" ಎಂದಳು ಅಕ್ಕ. "ನನ್ನ ಹೆಸರಿನ ಮುಂದೆ ಏಳು ಪಾಯಿಂಟ್ ನಾಲ್ಕೇ ಇರಲಿ. ನನಗೆ ಕಂಡಿದ್ದು ಅಷ್ಟೇ."

ನಾನು ಹದಿನೇಳು ವರ್ಷ ಕೂತ ಕೋರ್ಟಿನಲ್ಲಿ ಈ ಮಾತು ಕೇಳಿದ್ದರೆ, ಬರೆಯುವ ಕೈ ನಿಲ್ಲಿಸಿ ಒಮ್ಮೆ ತಲೆಯೆತ್ತಿ ನೋಡುತ್ತಿದ್ದೆ.

ಈಗ ಆ ಸಂಘಕ್ಕೆ ಸುದ್ದಿ ಕಳಿಸಬೇಕು. ಇಂಥ ನಕ್ಷತ್ರ ಇಳಿಯಲು ತೊಡಗಿದರೆ ಒಂದೊಂದು ಗಂಟೆಯೂ ಮುಖ್ಯವಂತೆ. ಜಗತ್ತಿನ ದೊಡ್ಡ ದೂರದರ್ಶಕಗಳು ಬೇರೆ ಕೆಲಸ ಬಿಟ್ಟು ಇತ್ತ ತಿರುಗಬೇಕು. ಸಿಗ್ನಲ್ ಇರುವುದು ಐದನೇ ತಿರುವಿನಲ್ಲಿ, ಮೂರು ಕಿಲೋಮೀಟರು ಕೆಳಗೆ. ಡಾಕ್ಟರು ಡ್ರೈವರನ್ನು ಎಬ್ಬಿಸಲು ಹೊರಟರು.

"ಬೇಡ ಸಾರ್" ಎಂದಳು ಅಕ್ಕ. "ಬಸ್ ತೆಗೆದ್ರೆ ಹೆಡ್‌ಲೈಟು ಹಾಕಲೇಬೇಕು. ಇಲ್ಲಿ ಹದಿನೆಂಟು ಜನ ಒಂದು ವರ್ಷ ಕಾದು ಬಂದಿದಾರೆ. ನಿನ್ನೆ ಮಂಜು ತಿಂದುಬಿಡ್ತು, ಇರೋದು ಇದೊಂದು ರಾತ್ರಿ. ನಾನು ನಡೆದುಹೋಗ್ತೀನಿ. ನನ್ನ ಜೊತೆ ಬರೋದೂ ಬೇಡ, ನೀವು ನೋಡಿ."

ಅತ್ತೆ ನನ್ನನ್ನು ಕಳಿಸಿದ್ದೇ ಇದಕ್ಕಲ್ಲವೇ. ನಾನೂ ಹೊರಟೆ.

ಮೊದಲ ನೂರು ಹೆಜ್ಜೆ ನಾನು ಅವಳ ತೋಳನ್ನು ಬಿಡಲಿಲ್ಲ. ಆಮೇಲೆ ರಸ್ತೆ ಕಾಣುತ್ತಿದೆ ಅನ್ನುವುದು ಅರಿವಾಯಿತು. ಟಾರ್ಚು ಹಚ್ಚಿರಲಿಲ್ಲ, ಚಂದ್ರನಿಲ್ಲ. ಆಕಾಶಗಂಗೆ ಅಷ್ಟರಲ್ಲಿ ನೆತ್ತಿಯ ಹತ್ತಿರ ಬಂದಿತ್ತು. ರಸ್ತೆಯಂಚಿನ ಸುಣ್ಣ ಬಳಿದ ಕಲ್ಲುಗಳು ಆ ಬೆಳಕಿನಲ್ಲಿ ಮಸುಕಾಗಿ ಬಿಳುಪಾಗಿದ್ದವು. ನಾವು ಆ ಬಿಳುಪನ್ನು ಹಿಡಿದು ಇಳಿದೆವು. ಬರೀ ನಕ್ಷತ್ರದ ಬೆಳಕಿನಲ್ಲಿ ನಡೆದಾಡಬಹುದು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

"ಅಕ್ಕ, ನಿನಗೆ ಒಂದು ದಿನಾನೂ ಬೇಜಾರಾಗಿಲ್ವಾ? ಹನ್ನೊಂದು ವರ್ಷ?"

"ಆಗಿದೆ. ನಮ್ಮಮ್ಮ ತೀರಿಕೊಂಡ ವರ್ಷ ಬಿಟ್ಟೇಬಿಡೋಣ ಅನ್ನಿಸಿತ್ತು. ಆಮೇಲೆ ಯೋಚನೆ ಮಾಡಿದೆ, ದಿನಾ ಹತ್ತು ನಿಮಿಷ ಯಾರೂ ನನ್ನ ಏನೂ ಕೇಳದೇ ಇರೋ ಜಾಗ ಅದೊಂದೇ. ಬಿಟ್ಟು ಎಲ್ಲಿಗೆ ಹೋಗಲಿ."

ಐದನೇ ತಿರುವಿನಲ್ಲಿ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತೆವು. ಅವಳು ಫೋನನ್ನು ಸೆರಗಿನಡಿ ಮುಚ್ಚಿಕೊಂಡು, ಕಣ್ಣಿಗೆ ಬೆಳಕು ಬೀಳದಂತೆ, ಸಂದೇಶ ಬರೆದಳು. ಮೂರು ಸಾಲು. ತನ್ನ ಅಂಕಿ, ಬ್ಯಾಟರಿಯ ಅಂಕಿ, ಗಂಟೆ. ನಾಲ್ಕನೇ ಸಾಲಿಗೆ, ನಾನು ಈ ಜಾಗಕ್ಕೆ ಹೊಸಬಳು, ಮೊದಲು ದಾರಿ ತಪ್ಪಿದ್ದೆ ಅನ್ನುವುದನ್ನೂ ಸೇರಿಸಿದಳು. ಅದು ಯಾಕೆ ಬೇಕು ಎಂದು ನಾನು ಕೇಳಿದೆ. "ನಡೆದಿದ್ದು ತಾನೇ" ಎಂದಳು.

ಕಳಿಸಿದಳು. ಉತ್ತರ ಬೆಳಿಗ್ಗೆಯ ಮೊದಲು ಬಾರದು ಎಂದು ಏಳುವಷ್ಟರಲ್ಲಿ ಫೋನು ನಡುಗಿತು. ಅಲ್ಲಿ ಹಗಲಲ್ಲವೇ. ಅಕ್ಕ ಓದಿ, ನನ್ನ ಕೈಗೆ ಕೊಟ್ಟಳು.

ಇನ್ನೊಂದು ಖಂಡದಲ್ಲಿ ದೋಣಿ ರಿಪೇರಿ ಮಾಡುವ ಒಬ್ಬ ಮನುಷ್ಯ ಹಿಂದಿನ ರಾತ್ರಿಯೇ ಅದು ಮಂಕಾದದ್ದನ್ನು ಕಂಡು ತಿಳಿಸಿದ್ದನಂತೆ. ಒಬ್ಬರೇ ನೋಡಿದ್ದನ್ನು ಸಂಘ ಪ್ರಕಟಿಸುವುದಿಲ್ಲ. ಇಪ್ಪತ್ತು ಗಂಟೆಯಿಂದ ಎರಡನೆಯವರಿಗಾಗಿ ಕಾಯುತ್ತಿದ್ದರು. ಎಲ್ಲೆಡೆ ಮೋಡ, ಇಲ್ಲವೇ ಯಾರೂ ನೋಡುತ್ತಿರಲಿಲ್ಲ. ನಿಮ್ಮ ಸಂದೇಶ ಬಂದ ಕೂಡಲೇ ಎಲ್ಲ ವೀಕ್ಷಣಾಲಯಗಳಿಗೂ ಸೂಚನೆ ಹೊರಟಿದೆ ಎಂದು ಬರೆದಿತ್ತು.

ಒಂದೇ ಒಂದು ದಿನ. ಮಂಜು ಇಲ್ಲದಿದ್ದರೆ.

"ನೀನೇ ಮೊದಲಾಗಿದ್ರೆ ಚೆನ್ನಾಗಿರ್ತಿತ್ತು" ಎಂದೆ.

"ಚೆನ್ನಾಗಿರ್ತಿತ್ತು" ಎಂದಳು ಅಕ್ಕ. ಸುಳ್ಳು ಹೇಳಲಿಲ್ಲ. ಆಮೇಲೆ, "ಪಾಪ, ಆ ಮನುಷ್ಯ ನಿನ್ನೆಯಿಂದ ಏನು ಒದ್ದಾಡಿರಬೇಕು ನೋಡು. ನನಗೆ ಒಂದು ಗಂಟೆಗೇ ತಲೆ ಕೆಟ್ಟು ಎಲ್ಲರ ಕೈಲೂ ಚೀಟಿ ಬರೆಸಿದೆ. ಅವನು ಒಬ್ಬನೇ, ಕಂಡಿದ್ದು ನಿಜಾನೋ ಭ್ರಮೆಯೋ ಅಂತ. ಈಗ ನಿದ್ದೆ ಮಾಡ್ತಾನೆ" ಎಂದಳು.

ಹಾಗೆ ಹೇಳಿ ನಕ್ಕಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಚಳಿಗೋ ಯಾತಕ್ಕೋ. ನನ್ನ ಕಣ್ಣಲ್ಲಿ ಅವಳಿಗಿಂತ ಹೆಚ್ಚು ನೀರು ಬಂತು, ಅದು ಚಳಿಗಲ್ಲ ಎಂದು ನನಗೆ ಗೊತ್ತಿತ್ತು.

ಮತ್ತೆ ಮೇಲೆ ಹತ್ತಿ ಬಂದಾಗ ಹುಲ್ಲಿನಲ್ಲಿ ವಿಚಿತ್ರ ದೃಶ್ಯ. ಯಾರೂ ತಮ್ಮ ತಮ್ಮ ದೂರದರ್ಶಕದ ಬಳಿ ಇರಲಿಲ್ಲ. ಅಕ್ಕನ ಖಾಲಿ ಕುರ್ಚಿಯ ಹಿಂದೆ ಹದಿನೆಂಟು ಮಂದಿಯೂ ಸಾಲಾಗಿ ನಿಂತಿದ್ದರು, ಕಂಬಳಿ ಹೊದ್ದು. ಎಲ್ಲರಿಗಿಂತ ಕೊನೆಗೆ, ನಿದ್ದೆಗಣ್ಣಿನಲ್ಲಿ, ಡ್ರೈವರು.

"ಎಲ್ಲರಿಗೂ ನಿಮ್ಮ ನಕ್ಷತ್ರ ನೋಡಬೇಕಂತೆ" ಎಂದರು ಡಾಕ್ಟರು. "ನೀವೇ ತೋರಿಸಬೇಕಂತೆ."

ಅಕ್ಕ ಒಬ್ಬೊಬ್ಬರನ್ನೇ ಕೂರಿಸಿ, ಅವರ ಮೊಣಕೈಗೆ ಮಂಡಿ ಕೊಟ್ಟು, ತೋರಿಸಿದಳು. ಡ್ರೈವರು ಬಹಳ ಹೊತ್ತು ನೋಡಿ, "ಇಷ್ಟೇನಾ ಅಕ್ಕ?" ಎಂದ. "ಇಷ್ಟೇ" ಎಂದಳು ಅಕ್ಕ. ಎಲ್ಲರೂ ನಕ್ಕರು, ಅವನೂ ನಕ್ಕ, ಆಮೇಲೆ ಮತ್ತೆ ಒಂದು ಸಲ ಬೈನಾಕ್ಯುಲರ್ ಕೇಳಿ ಇಸಿದುಕೊಂಡ.

ಮುಂದಿನ ಎರಡು ತಿಂಗಳು ಅದು ಇಳಿಯುತ್ತಲೇ ಹೋಯಿತು. ಎಂಟು, ಒಂಬತ್ತು, ಹತ್ತು. ಊರಿನ ತಾರಸಿಯಿಂದ ಅವಳ ಬೈನಾಕ್ಯುಲರಿಗೆ ಎಟುಕದಷ್ಟು ಮಂಕಾಯಿತು. ಆಗ ಬ್ಯಾಟರಿ ಪ್ರತಿ ಶನಿವಾರ ತನ್ನ ದೂರದರ್ಶಕವನ್ನು ಹೊತ್ತು ನಮ್ಮ ಮೂರು ಮಹಡಿ ಹತ್ತತೊಡಗಿದ. ಊರಿನ ಎಲ್ಲ ಲಿಫ್ಟುಗಳನ್ನು ರಿಪೇರಿ ಮಾಡುವವನಿಗೆ ನಮ್ಮ ಕಟ್ಟಡದಲ್ಲಿ ಲಿಫ್ಟೇ ಇಲ್ಲ. ಮೆಟ್ಟಿಲ ಗೋಡೆಯ ಬಣ್ಣವನ್ನು ಆ ಕೊಳವೆ ತರಚಿದಾಗಲೆಲ್ಲ ಅತ್ತೆ ಬೈಯುವರು, ಬೈದು ಮುಗಿಸಿ ಚಹಾ ಕೊಡುವರು. ಕ್ಯಾಮೆರಾ ಹಚ್ಚುವ ಮೊದಲು ಅವನು ತಾನೂ ಕಣ್ಣಿಟ್ಟು ನೋಡಿ ಒಂದು ಅಂಕಿ ಬರೆಯುವುದನ್ನು ರೂಢಿ ಮಾಡಿಕೊಂಡ. ಮೊದಮೊದಲು ಅರ್ಧಕ್ಕರ್ಧ ತಪ್ಪುತ್ತಿದ್ದ. ಅಕ್ಕ ಏನೂ ಅನ್ನದೆ, ಕೆಂಪನ್ನು ದಿಟ್ಟಿಸಬೇಡಿ ಎಂದಷ್ಟೇ ಹೇಳುವಳು.

ಕಾರ್ಖಾನೆಗೆ ಸುದ್ದಿ ಹೇಗೋ ತಲುಪಿತು. ಒಂದು ಮಧ್ಯಾಹ್ನ ತೊಟ್ಟಿಗಳ ವಿಭಾಗದವರು, ಮಡಿಕೆ ಹಾಕುವವರು, ಗೇಟಿನವರು, ಎಲ್ಲರೂ ಅವಳನ್ನು ಊಟದ ಕೋಣೆಯಲ್ಲಿ ಸುತ್ತುವರಿದು, ಹೇಳಿ ಹೇಳಿ ಎಂದು ಕೂರಿಸಿದರಂತೆ. ಅವಳು ಐದು ನಿಮಿಷದಲ್ಲಿ ಮುಗಿಸಿದಳಂತೆ. ಉಳಿದ ಅರ್ಧ ಗಂಟೆ ಅವರ ಪ್ರಶ್ನೆಗಳು.

ಈ ವರ್ಷದ ಪ್ರವಾಸಕ್ಕೆ ಹೆಸರು ಕೊಟ್ಟವರಲ್ಲಿ ಹದಿನಾಲ್ಕು ಮಂದಿ ಆ ಕಾರ್ಖಾನೆಯವರೇ. ಡಾಕ್ಟರು ಎರಡನೇ ಬಸ್ಸು ಮಾತಾಡಿದ್ದಾರೆ. ಅದರಲ್ಲಿ ಬರುವವರಿಗೆ ಕೆಂಪು ಹಾಳೆ ಸುತ್ತುವುದು, ಕುರ್ಚಿ ಎಣಿಸುವುದು, ಯಾರೂ ಅಂಚಿನ ಕಡೆ ಹೋಗದಂತೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ನಿನ್ನೆ ರಾತ್ರಿ ಕೂತು ಮೂವತ್ತೆಂಟು ಟಾರ್ಚಿಗೆ ಹಾಳೆ ಕತ್ತರಿಸಿದೆ. ಅತ್ತೆ ಪಕ್ಕದಲ್ಲಿ ಕೂತು ರಬ್ಬರ್ ಬ್ಯಾಂಡ್ ಹಾಕಿಕೊಟ್ಟರು.